ಹತ್ತಿರದ ಬಾಗಿಲಿಗೆ ಹೋದ ತಿದ್ದುಪಡಿ

ಮಾದೇವ ಕೊಳ್ಳೇಗಾಲದ ನಮ್ಮ ಪತ್ರಿಕಾ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಅಂದಿನ ಪತ್ರಿಕೆ ಇಟ್ಟು ಮೂರನೇ ಪುಟದ ಕೆಳಭಾಗಕ್ಕೆ ಬೆರಳಿಟ್ಟಾಗ ಮಧ್ಯಾಹ್ನ ಒಂದೂವರೆ ಗಂಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಯಾರಿಂದಲೋ ಓದಿಸಿ, ಆ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿಸಿಕೊಂಡು ಬಂದಿದ್ದರು. ಸುತ್ತಿನೊಳಗೆ ಇದ್ದದ್ದು ಹಿಂದಿನ ದಿನ ನಾನು ಕಳಿಸಿದ ಸುದ್ದಿ: ಗಂಧದ ತುಂಡುಗಳನ್ನು ಸಾಗಿಸುತ್ತಿದ್ದ ಹೂಗ್ಯಂ ಗ್ರಾಮದ ಮಾದೇವ ಬಿನ್ ಪುಟ್ಟಮಾದ ಎಂಬಾತನ ಬಂಧನ.

“ಇದು ನಾನಾ ಸಾ?” ಎಂದು ಕೇಳಿದರು.

ನಾನು ಅವರ ಮುಖ ನೋಡಿದೆ. ಗುರುತು ಸಿಕ್ಕಿತು. ತಿಂಗಳ ಹಿಂದೆ ಹೂಗ್ಯಂನಲ್ಲಿ ಆನೆಗಳು ರಾಗಿ ಹೊಲ ತುಳಿದಾಗ ವರದಿಗೆ ಹೋಗಿದ್ದೆ. ಹೊಲದ ನಡುವೆ ನಿಂತು ಮಾತನಾಡಿದ್ದವರು ಇವರೇ. ಅವರ ಹೆಸರು, ತಂದೆಯ ಹೆಸರು, ಊರು ನನ್ನ ನೋಟ್‌ಬುಕ್ಕಿನಲ್ಲಿದ್ದವು.

ತಪ್ಪು ಹೇಗಾಯಿತೆಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಪೊಲೀಸರು ಫೋನಿನಲ್ಲಿ ಹೇಳಿದ್ದು ಹೆಸರು, ತಂದೆಯ ಹೆಸರು, ವಯಸ್ಸು ಮಾತ್ರ. ಊರು ಆಮೇಲೆ ಹೇಳುತ್ತೇವೆ ಎಂದಿದ್ದರು. ಸುದ್ದಿ ಕಳಿಸುವ ಹೊತ್ತಾಗಿತ್ತು. ಮಾದೇವ ಬಿನ್ ಪುಟ್ಟಮಾದ ಎಂಬ ಹೆಸರು ಎಲ್ಲೋ ಬರೆದಿದ್ದೇನಲ್ಲ ಎಂದು ನೋಟ್‌ಬುಕ್ ತಿರುವಿದೆ, ಹೂಗ್ಯಂ ಸಿಕ್ಕಿತು, ಸೇರಿಸಿದೆ. ಬೆಟ್ಟದ ದೇವರಾದ ಮಾದೇವನ ಹೆಸರಿಡದ ಮನೆಯೇ ಇಲ್ಲದ ಸೀಮೆ ಇದು. ಹನೂರಿನಿಂದ ಆಚೆ ಬಸ್ಸಿನಲ್ಲಿ ಮಾದೇವ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಹತ್ತು ವರ್ಷ ಇಲ್ಲೇ ವರದಿ ಮಾಡಿದ ನನಗೆ ಅದು ಗೊತ್ತಿಲ್ಲದ ಸಂಗತಿಯಲ್ಲ.

ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಬಂಧಿತ ಬೇರೆ ಊರಿನವನು, ವಯಸ್ಸೂ ಬೇರೆ ಎಂದು ಖಚಿತಪಡಿಸಿದರು. “ಊರು ನಾವು ಹೇಳಿರಲಿಲ್ಲವಲ್ಲ” ಎಂದೂ ಸೇರಿಸಿದರು. ಅದು ನಿಜವಾಗಿತ್ತು.

ಮಾದೇವ ಕಾಡಿನ ಬೆಂಕಿ ಕಾವಲಿನ ದಿನಗೂಲಿ. ಬೇಸಿಗೆಯ ನಾಲ್ಕು ತಿಂಗಳ ಕೆಲಸ. ಆ ವರ್ಷದ ಕಾವಲುಗಾರರ ಪಟ್ಟಿ ಮರುದಿನ ಬೆಳಿಗ್ಗೆ ಅರಣ್ಯ ಕಚೇರಿಯಲ್ಲಿ ಅಂತಿಮವಾಗಲಿತ್ತು. ಅಂದು ಬೆಳಿಗ್ಗೆಯೇ ಅಲ್ಲಿ ಅವರನ್ನು ತಡೆದು ನಿಲ್ಲಿಸಿದ್ದರು. ಗಂಧದ ಕೇಸಿನವನನ್ನು ಕಾಡು ಕಾಯಲು ಹಾಕಿದರೆ ಮೇಲಿನವರು ನನ್ನನ್ನು ಕೇಳುತ್ತಾರೆ, ಪೇಪರಿನವರು ತಪ್ಪು ಎಂದು ಬರೆದರೆ ನಾಳೆ ತಂದು ತೋರಿಸು ಎಂದು ಅಧಿಕಾರಿ ಹೇಳಿದ್ದರಂತೆ. ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮೈಸೂರಿನ ಮುಖ್ಯ ಕಚೇರಿಯ ಸುದ್ದಿ ಸಂಪಾದಕರಿಗೆ ವಿಷಯ ತಿಳಿಸಿದೆ. ತಿದ್ದುಪಡಿ ನಾಳೆಯೇ ಬರಲಿ ಎಂದು ಒಪ್ಪಿದರು. ನಾನು ಇಟ್ಟ ಫೋನಿನ ಕಡೆ ನೋಡುತ್ತಾ ಮಾದೇವ ಮೆಲ್ಲಗೆ ಅಂದರು: “ಬರೀ ಎಸ್ರು ಹಾಕುದ್ರೆ ಪ್ರಯೋಜ್ನ ಇಲ್ಲ ಸಾ. ನಮ್ಮೂರಲ್ಲೇ ಏಳ್ ಜನ ಮಾದೇವ್ರು ಅವ್ರ. ಯಾವ್ ಮಾದೇವ ಅಂತ ಕೇಳುದ್ರೆ ನಾನೇನ್ ತೋರ್ಸ್ಲಿ?”

ಮತ್ತೆ ಫೋನ್ ಮಾಡಿ, ಫೋಟೊ ಸಮೇತ ಹಾಕಬೇಕೆಂದು ಕೇಳಿದೆ. ಸಂಪಾದಕರು ಒಂದು ಕಾಲಂ ಜಾಗ ಬಿಡುವುದಾಗಿ ಹೇಳಿದರು. “ಜಿಲ್ಲಾ ಪುಟ ಐದು ಗಂಟೆಗೆ ಹೋಗುತ್ತೆ. ಐದೂಕಾಲು ನನ್ನ ಕೈಯಲ್ಲಿಲ್ಲ” ಎಂದರು. ಆಗ ಎರಡೂ ನಲವತ್ತು.

ಫೋಟೊ ಇತ್ತು. ಆನೆ ತುಳಿದ ಹೊಲದಲ್ಲಿ ನಾನೇ ತೆಗೆದದ್ದು, ಕಪಾಟಿನಲ್ಲಿ. ಹಿಂದೆಲ್ಲ ನಾವು ಫೋಟೊಗಳನ್ನು ಕವರಿಗೆ ಹಾಕಿ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಆದರೆ ಬಸ್ಸು ಹೋಗಿ, ಅಲ್ಲಿಂದ ಯಾರೋ ಕವರು ತೆಗೆದುಕೊಂಡು ಕಚೇರಿ ಮುಟ್ಟಿಸುವಾಗ ಐದೂವರೆ ಆಗುತ್ತಿತ್ತು. ಫ್ಯಾಕ್ಸಿನಲ್ಲಿ ಕಳಿಸಿದರೆ ಮುಖ ಕಪ್ಪು ಕಲೆಯಾಗುತ್ತಿತ್ತು. ಊರಿನಲ್ಲಿ ಇಂಟರ್‌ನೆಟ್ ಅಂಗಡಿ ಇನ್ನೂ ಬಂದಿರಲಿಲ್ಲ. ಉಳಿದದ್ದು ನಮ್ಮ ಕಂಪ್ಯೂಟರ್: ಮೋಡೆಮ್ ಮೂಲಕ ಮುಖ್ಯ ಕಚೇರಿಗೆ ನೇರ ಫೋನ್ ಹಚ್ಚಿ, ಅಲ್ಲಿನ ಸರ್ವರಿನ ಫೋಲ್ಡರಿಗೆ ಸುದ್ದಿ, ಫೋಟೊ ಹಾಕುವ ವ್ಯವಸ್ಥೆ. ಒಂದು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ.

ತಿದ್ದುಪಡಿ ಬರೆದೆ. ‘ಮಾಹಿತಿಯ ಗೊಂದಲದಿಂದ ಗ್ರಾಮದ ಹೆಸರು ತಪ್ಪಾಗಿ ಪ್ರಕಟವಾಗಿದೆ’ ಎಂದು ಶುರುವಾಗುವ ನಾಲ್ಕು ಸಾಲು. ಫೋಟೊ ಸ್ಕ್ಯಾನ್ ಮಾಡಿ ಮುಖದ ಭಾಗವನ್ನಷ್ಟೇ ಕತ್ತರಿಸಿಟ್ಟೆ. ಡಯಲ್ ಮಾಡಿದೆ. ಮೋಡೆಮ್ ಎಂದಿನಂತೆ ಕೀರಲಾಡಿ ಸುಮ್ಮನಾಯಿತು. ಸಂಪರ್ಕ ಸಿಕ್ಕಿದೆ ಎಂಬ ಗುರುತು ಪರದೆಯ ಮೂಲೆಯಲ್ಲಿ ಬಂತು. ಆದರೆ ಸರ್ವರಿನ ಫೋಲ್ಡರ್ ತೆರೆಯಲಿಲ್ಲ. ಮರಳು ಗಡಿಯಾರದ ಚಿತ್ರ ಒಂದು ನಿಮಿಷ ನಿಂತು, ಸಿಗುತ್ತಿಲ್ಲ ಎಂಬ ಸಂದೇಶ ಬಂತು.

ಮೂರು ಸಲ ಹೀಗಾಯಿತು. ಫೋನಿನ ವೈರು ಬಿಚ್ಚಿ ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಮೂರೂ ಕಾಲಾಯಿತು.

ಜಾಹೀರಾತು ವಿಭಾಗದ ಸಹಾಯಕ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಸತ್ತೇಗಾಲದವನು, ದಿನಾ ಬಸ್ಸಿನಲ್ಲಿ ಬಂದು ಹೋಗುವವನು. ಮಾದೇವನವರನ್ನು ಬೆಂಚಿನ ಮೇಲೆ ಕೂರಿಸಿ ಟೀ ತರಿಸಿಕೊಟ್ಟಿದ್ದ. “ನಿನ್ನೆ ಚೆನ್ನಾಗೇ ಇತ್ತಲ್ಲ ಸಾ. ಆ ಹೊಸ ಪೆಟ್ಗೆ ಬಂದ್ಮ್ಯಾಕೆ ಇದ್ಕ ಏನೋ ಮುನ್ಸು” ಅಂದ.

ಅವನು ತಮಾಷೆಗೆ ಹೇಳಿದ್ದು ಸರಿಯಾಗಿತ್ತೆಂದು ಗೊತ್ತಾಗಲು ಇನ್ನೂ ಅರ್ಧ ಗಂಟೆ ಬೇಕಾಯಿತು. ಹಿಂದಿನ ಸಂಜೆ ನಾನು ಸುದ್ದಿ ಕಳಿಸಿ ಮುಗಿಸಿದ ಮೇಲೆ ಜಾಹೀರಾತು ವಿಭಾಗಕ್ಕೆ ಎರಡನೇ ಕಂಪ್ಯೂಟರ್ ಬಂದಿತ್ತು. ಊರಿನ ಕಂಪ್ಯೂಟರ್ ಮೆಕ್ಯಾನಿಕ್ ಎರಡಕ್ಕೂ ಒಂದೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ನಡುವೆ ಕೇಬಲ್ ಎಳೆದು ಜೋಡಿಸಿದ್ದ. ಒಂದೇ ಪ್ರಿಂಟರ್ ಇಬ್ಬರಿಗೂ ಆಗಲಿ ಎಂದು. ಅಂದು ಅವನು ಯಳಂದೂರಿಗೆ ಯಾವುದೋ ಶಾಲೆಯ ಕೆಲಸಕ್ಕೆ ಹೋಗಿದ್ದ.

ನಮ್ಮಲ್ಲಿ ಇದ್ದದ್ದು ಒಂದೇ ಫೋನ್ ಲೈನು. ಮೋಡೆಮ್ ಅದನ್ನು ಹಿಡಿದಿದ್ದರೆ ಮಾತನಾಡಲಾಗದು. ಮಾತನಾಡಬೇಕೆಂದರೆ ಎದುರಿನ ಎಸ್‌ಟಿಡಿ ಬೂತಿಗೆ ಹೋಗಬೇಕು. ಮುಖ್ಯ ಕಚೇರಿಯ ಸಿಸ್ಟಂ ವಿಭಾಗದಲ್ಲಿ ಒಬ್ಬ ಹೆಣ್ಣುಮಗಳು ಇದ್ದರು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಬೂತಿನಿಂದ ಅವರಿಗೆ ಎಲ್ಲ ಹೇಳಿದೆ. ಅವರು ಗಾಬರಿಪಡಲಿಲ್ಲ. ಮೊದಲು ಡಯಲ್ ಮಾಡಿ, ಸಂಪರ್ಕ ಬಂದ ಮೇಲೆ ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಯಲ್ಲಿ ಎರಡು ವಿಳಾಸಗಳಿಗೆ ಪಿಂಗ್ ಮಾಡಿ ನೋಡಿ ಎಂದರು. ಪಿಂಗ್ ಎಂದರೆ ಆ ಕಡೆಯ ಯಂತ್ರವನ್ನು ಕೂಗಿ ನೋಡುವುದು. ಇದ್ದರೆ ಓಗೊಡುತ್ತದೆ. ಮೊದಲ ವಿಳಾಸ ಅಲ್ಲಿ ಫೋನ್ ಎತ್ತುವ ಯಂತ್ರದ್ದು: 10.0.0.1. ಎರಡನೆಯದು ಸರ್ವರಿನದು: 192.168.1.5.

ವಾಪಸು ಬಂದು ಮಾಡಿದೆ. ಮೊದಲನೆಯದು ಓಗೊಟ್ಟಿತು. ಎರಡನೆಯದು ನಾಲ್ಕು ಸಲ ಕೂಗಿದರೂ ಮೌನ. ಮತ್ತೆ ರಸ್ತೆ ದಾಟಿದೆ.

“ಹಾಗಾದ್ರೆ ಫೋನ್ ಲೈನು ಸರಿಯಾಗಿದೆ ಸರ್, ಮೋಡೆಮ್ಮೂ ಸರಿಯಾಗಿದೆ” ಎಂದರು ಆಕೆ. “ನಿಮ್ಮ ಕಂಪ್ಯೂಟರಿಗೆ ದಾರಿ ತಪ್ಪಿದೆ. ಅದು ಯಾವ ದಾರಿ ಹಿಡೀತಿದೆ ಅಂತ ಅದನ್ನೇ ಕೇಳೋಣ. ರೌಟ್ ಪ್ರಿಂಟ್ ಅಂತ ಟೈಪ್ ಮಾಡಿ. ಒಂದು ಪಟ್ಟಿ ಬರುತ್ತೆ. ಒಂದು ಅಂಕಿಯೂ ಬಿಡದ ಹಾಗೆ ಬರ್ಕೊಂಡು ಬನ್ನಿ.”

ಬರೆದುಕೊಳ್ಳುವುದು ನನ್ನ ಕಸುಬು. ಪರದೆಯ ಮೇಲೆ ಐದು ಕಾಲಂಗಳ ಪಟ್ಟಿ ಬಂತು. ಹೋಗಬೇಕಾದ ವಿಳಾಸ, ಮಾಸ್ಕ್, ಗೇಟ್‌ವೇ, ಇಂಟರ್‌ಫೇಸ್, ಮೆಟ್ರಿಕ್. ಏಳೆಂಟು ಸಾಲು. ಒಂದೂ ಅರ್ಥವಾಗಲಿಲ್ಲ. ಚುನಾವಣೆಯ ಎಣಿಕೆ ಸುತ್ತುಗಳನ್ನು ಬರೆದುಕೊಳ್ಳುವ ಹಾಗೆ ಗೆರೆ ಎಳೆದು ಬರೆದುಕೊಂಡೆ, ಒಮ್ಮೆ ಹೋಲಿಸಿ ನೋಡಿದೆ, ಬೂತಿಗೆ ಹೋಗಿ ಓದಿದೆ. ಸೊನ್ನೆ ಚುಕ್ಕಿ ಸೊನ್ನೆ ಚುಕ್ಕಿ ಎಂದು ನಾನು ಓದುತ್ತಿದ್ದರೆ ಬೂತಿನ ಯಜಮಾನ ಗಾಜಿನ ಬಾಗಿಲು ಸರಿಸಿ ಇಣುಕಿದ. “ಏನ್ ಸಾ, ಲಾಟ್ರಿ ನಂಬ್ರಾ? ನಮ್ಗೂ ಒಂದ್ ಯೋಳಿ” ಅಂದ.

ಆ ಕಡೆಯಿಂದ ಆಕೆ ಮೂರನೇ ಸಾಲಿಗೇ ನನ್ನನ್ನು ನಿಲ್ಲಿಸಿದರು.

ನನಗೆ ಪಟ್ಟಿ ಓದಲು ಕಲಿಸಿದ್ದು ಅಲ್ಲಿ, ಆ ಬೂತಿನೊಳಗೆ, ಬೆವರುತ್ತಾ ನಿಂತು. ಕಂಪ್ಯೂಟರ್ ಏನನ್ನೇ ಕಳಿಸುವ ಮೊದಲೂ ಈ ಪಟ್ಟಿ ನೋಡುತ್ತದೆ. ಪ್ರತಿ ಸಾಲೂ ಒಂದು ಸೂಚನೆ: ಇಂಥ ವಿಳಾಸಕ್ಕೆ ಹೋಗುವುದಾದರೆ ಇಂಥ ಬಾಗಿಲಿನಿಂದ ಹೋಗು. ನಮ್ಮ ಯಂತ್ರಕ್ಕೆ ಹಿಂದಿನ ಸಂಜೆಯವರೆಗೆ ಹೊರಗೆ ಹೋಗಲು ಇದ್ದದ್ದು ಒಂದೇ ಬಾಗಿಲು, ಫೋನಿನದು. ಈಗ ಎರಡು: ಫೋನು ಮತ್ತು ಹೊಸ ಕಾರ್ಡು. ಮಾಸ್ಕ್ ಎಂಬ ಕಾಲಂ, ವಿಳಾಸದ ಎಷ್ಟು ಭಾಗ ಹೊಂದಬೇಕು ಎಂದು ಹೇಳುತ್ತದೆ. ಎಲ್ಲ ಸೊನ್ನೆ ಇದ್ದರೆ ಏನೂ ಹೊಂದಬೇಕಾಗಿಲ್ಲ, ಬೇರೆಲ್ಲೂ ಜಾಗ ಸಿಗದದ್ದು ಇಲ್ಲಿಗೆ ಬರಲಿ ಎಂದರ್ಥ. ಆ ಸಾಲು ಫೋನಿನ ಬಾಗಿಲಿಗೆ ಕೈ ತೋರಿಸುತ್ತಿತ್ತು. 255.255.255.0 ಎಂದಿದ್ದರೆ ಚುಕ್ಕಿಗಳಿಂದ ಬೇರೆಯಾದ ನಾಲ್ಕು ಭಾಗಗಳಲ್ಲಿ ಮೊದಲ ಮೂರು ಹೊಂದಬೇಕು. ಮೂರನೇ ಸಾಲಿನಲ್ಲಿ ಇದ್ದದ್ದು ಅದು: 192.168.1.0, ಬಾಗಿಲು ಹೊಸ ಕಾರ್ಡು. ಎರಡು ಸಾಲು ಹೊಂದಿದರೆ ಯಾವುದರಲ್ಲಿ ಹೆಚ್ಚು ಭಾಗ ಹೊಂದುತ್ತದೋ ಅದೇ ಗೆಲ್ಲುತ್ತದೆ.

ಮೆಕ್ಯಾನಿಕ್ ನಮ್ಮ ಎರಡು ಕಂಪ್ಯೂಟರಿಗೆ ಕೊಟ್ಟ ವಿಳಾಸಗಳು 192.168.1.1 ಮತ್ತು 192.168.1.2. ಎಲ್ಲ ಕಡೆ ಕೊಡುವ ಹಾಗೆ ಕೊಟ್ಟಿದ್ದ. ಮೈಸೂರಿನಲ್ಲೂ ಯಾರೋ ಹಿಂದೆ ಅದೇ ಸಾಲಿನ ಅಂಕಿಗಳನ್ನು ಕೊಟ್ಟಿದ್ದರು. ಸರ್ವರಿನ 192.168.1.5 ಎಂಬ ವಿಳಾಸ ನೋಡಿದ ಕೂಡಲೇ ನಮ್ಮ ಯಂತ್ರ, ಇದು ಇಲ್ಲೇ ಪಕ್ಕದ್ದು ಎಂದುಕೊಂಡು, ಮೈಸೂರಿಗೆ ಹೋಗಬೇಕಾದ್ದನ್ನು ನಾಲ್ಕು ಅಡಿ ದೂರದ ಜಾಹೀರಾತು ಮೇಜಿನ ಕಡೆಗೆ ಕಳಿಸುತ್ತಿತ್ತು. ಅಲ್ಲಿ ಐದನೇ ನಂಬರಿನವರು ಯಾರೂ ಇರಲಿಲ್ಲ.

“ಅದು ಕೆಟ್ಟಿಲ್ಲ ಸರ್” ಎಂದರು ಆಕೆ. “ಅದಕ್ಕೆ ಆ ಹೆಸರಿನವರು ಹತ್ತಿರದಲ್ಲೇ ಗೊತ್ತಿದ್ದಾರೆ. ಅದಕ್ಕೇ ಹೊರಗೆ ಕೇಳಲ್ಲ.”

ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿ ಹೂಗ್ಯಂ ಎಂದು ಬರೆದಿದ್ದ ಸಾಲು ನೋಡಿದೆ. ಲೈನಿನಲ್ಲಿದ್ದೀರಾ ಎಂದು ಕೇಳಿದರು. ಇದ್ದೇನೆ ಎಂದೆ.

ಕಾರ್ಡಿನ ವಿಳಾಸವನ್ನೇ ಬದಲಾಯಿಸುವುದು ಸರಿಯಾದ ಪರಿಹಾರ ಎಂದರು. ಬಂದು ಬದಲಾಯಿಸಿದೆ. ಸರಿ ಎಂದು ಒತ್ತಿದ ಕೂಡಲೇ ಕಂಪ್ಯೂಟರ್ ವಿಂಡೋಸ್ ಸಿ.ಡಿ. ಹಾಕಿ ಎಂದಿತು. ಸಿ.ಡಿ. ಇದ್ದದ್ದು ಮೆಕ್ಯಾನಿಕ್‌ನ ಚೀಲದಲ್ಲಿ, ಯಳಂದೂರಿನಲ್ಲಿ. ಅರ್ಧಕ್ಕೆ ಬಿಟ್ಟರೆ ಇದ್ದದ್ದೂ ಹೋಗಬಹುದು ಎಂಬ ಹೆದರಿಕೆಯಲ್ಲೇ ರದ್ದು ಮಾಡಿ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಹಳೆಯ ಅಂಕಿಗಳೇ ಉಳಿದಿದ್ದವು. ಕೇಬಲ್ ಕಿತ್ತು ನೋಡಿದೆ. ಪಟ್ಟಿಯ ಮೂರನೇ ಸಾಲು ಅಲುಗಲಿಲ್ಲ. ಗಂಟೆ ನಾಲ್ಕು ಹತ್ತು.

ಬೆಂಚಿನ ಮೇಲೆ ಮಾದೇವ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಸಹಾಯಕ ಅವರಿಗೆ ಸಮಾಧಾನ ಹೇಳುತ್ತಿದ್ದ. ಕೊನೆಗೆ ಅವರೇ ಕೇಳಿದರು, “ಆಯ್ತದಾ ಸಾ? ಆಗ್ದೇ ಓದ್ರೆ ಈಗ್ಲೇ ಯೋಳ್ಬುಡಿ. ಐದೂವರೆ ಬಸ್ಸಿಗೆ ಓಯ್ತೀನಿ.”

ಆಗುತ್ತದೆ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಆಗುವುದಿಲ್ಲ ಎನ್ನಲೂ ಇರಲಿಲ್ಲ. ಇನ್ನೊಂದು ಸಲ ನೋಡುತ್ತೇನೆ ಎಂದು ಬೂತಿಗೆ ಹೋದೆ.

ಸುದ್ದಿ ಸಂಪಾದಕರು ಅಷ್ಟರಲ್ಲಿ ಸಿಸ್ಟಂ ವಿಭಾಗಕ್ಕೇ ಬಂದಿದ್ದರು. ಫೋನು ತೆಗೆದುಕೊಂಡು, ಫೋಟೊ ಬಿಡಿ, ನಾಲ್ಕು ಸಾಲು ಈಗಲೇ ಹೇಳಿ, ಬರೆದುಕೊಳ್ಳುತ್ತೇನೆ ಎಂದರು. ಅವರ ಮಾತೂ ಸರಿಯೇ. ಫೋಟೊ ಇಲ್ಲದ ತಿದ್ದುಪಡಿ ಖಾಲಿ ಜಾಗಕ್ಕಿಂತ ಮೇಲು. ಆದರೆ ಅದು ಏಳು ಜನ ಮಾದೇವರಲ್ಲಿ ಯಾರಿಗೆ ಸೇರಿದ್ದೆಂದು ಯಾರೂ ಹೇಳಲಾರರು. ನಾಲ್ಕೂ ಮುಕ್ಕಾಲಿನ ತನಕ ಜಾಗ ಹಿಡಿದಿಡಿ, ಆಗಲೂ ಬರದಿದ್ದರೆ ನಾನೇ ಫೋನ್ ಮಾಡಿ ಓದುತ್ತೇನೆ ಎಂದೆ. ಒಪ್ಪಿದರು.

ಆಕೆ ಮತ್ತೆ ಲೈನಿಗೆ ಬಂದು, ಇದ್ದ ಸಾಲು ಅಳಿಸುವುದು ಬೇಡ, ಹೊಸದೊಂದು ಸಾಲು ಸೇರಿಸಿಬಿಡೋಣ ಎಂದರು. 192.168.1.5 ಎಂಬ ಒಂದೇ ಒಂದು ವಿಳಾಸಕ್ಕೆ, ಮಾಸ್ಕ್ 255.255.255.255. ನಾಲ್ಕು ಭಾಗವೂ ಹೊಂದಬೇಕು. ಪೂರ್ತಿ ಹೊಂದುವ ಸಾಲು ಇರುವಾಗ ಮೂರು ಭಾಗ ಹೊಂದುವ ಸಾಲನ್ನು ಯಂತ್ರ ಕೇಳುವುದಿಲ್ಲ. ಬಾಗಿಲು ಫೋನಿನದು, ಎಲ್ಲ ಸೊನ್ನೆಯ ಸಾಲಿನಿಂದ ನಾನು ಬರೆದುಕೊಂಡಿದ್ದ 10.0.0.7. ಪೂರ್ತಿ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿದರು, ಬರೆದುಕೊಂಡು ತಿರುಗಿ ಓದಿ ಒಪ್ಪಿಸಿದೆ.

ಡಯಲ್ ಮಾಡಿ, ಟೈಪ್ ಮಾಡಿ ಒತ್ತಿದೆ. ಸೇರಿಸಲಾಗಲಿಲ್ಲ ಎಂದಿತು. ಅಕ್ಷರ ತಪ್ಪಿರಬಹುದೆಂದು ನೋಟ್‌ಬುಕ್ ನೋಡಿಕೊಂಡು ಮತ್ತೆ ಹೊಡೆದೆ. ಅದೇ ಉತ್ತರ. ನಾಲ್ಕು ಇಪ್ಪತ್ತೆಂಟು.

ಮತ್ತೆ ಬೂತಿಗೆ ಓಡಲು ಎದ್ದವನು ನಿಂತೆ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದು ಗಂಟೆ ಹಿಂದಿನ ಪಟ್ಟಿ. ನಿನ್ನೆಯೂ ನಾನು ಮಾಡಿದ್ದು ಇದನ್ನೇ: ಎಂದೋ ಬರೆದಿಟ್ಟದ್ದನ್ನು ಇಂದಿನದೆಂದು ನಂಬಿದ್ದು. ಕೂತು ಪಟ್ಟಿಯನ್ನು ಹೊಸದಾಗಿ ತರಿಸಿದೆ. ಈ ಸಲ ಬರೆದುಕೊಳ್ಳಲಿಲ್ಲ, ಓದಿದೆ. ಎಲ್ಲ ಸೊನ್ನೆಯ ಸಾಲು ಎಲ್ಲಿದೆ, ಅದರ ಬಾಗಿಲು ಯಾವುದು ಎಂದು ಬೆರಳಿಟ್ಟು ಹೋದೆ. 10.0.0.7 ಇರಲಿಲ್ಲ. 10.0.0.9 ಇತ್ತು. ಪ್ರತಿ ಸಲ ಡಯಲ್ ಮಾಡಿದಾಗಲೂ ಮೈಸೂರಿನ ಯಂತ್ರ ನಮಗೆ ಹೊಸ ವಿಳಾಸ ಕೊಡುತ್ತಿತ್ತು. ಯಾರೂ ಹೇಳದೆ ನನಗೆ ಅರ್ಥವಾದದ್ದು ಅದೊಂದೇ.

ಏಳು ತೆಗೆದು ಒಂಬತ್ತು ಹಾಕಿ ಒತ್ತಿದೆ. ಯಂತ್ರ ಏನನ್ನೂ ಹೇಳದೆ ಮುಂದಿನ ಸಾಲಿಗೆ ಹೋಯಿತು. ಸರ್ವರಿಗೆ ಪಿಂಗ್ ಮಾಡಿದೆ. ಓಗೊಟ್ಟಿತು. ಫೋಲ್ಡರ್ ತೆರೆಯಿತು.

“ಬಂತಾ ಸಾ?” ಎಂದ ಸಹಾಯಕ. ಬಂತು ಎಂದೆ. ಮೊದಲು ಫೋಟೊ ಕಳಿಸಿದೆ. ಅದು ಹೋಗುವಷ್ಟರಲ್ಲಿ ತಿದ್ದುಪಡಿಯ ಫೈಲನ್ನು ತೆರೆದೆ. ‘ಮಾಹಿತಿಯ ಗೊಂದಲದಿಂದ’ ಎಂಬ ಮಾತು ಮೊದಲ ಸಾಲಿನಲ್ಲೇ ಇತ್ತು. ನಮ್ಮಲ್ಲಿ ವಾಡಿಕೆಯ ಮಾತು. ಓದಿದವರು ತಪ್ಪು ಪೊಲೀಸರದೋ ಮತ್ತಾರದೋ ಎಂದುಕೊಳ್ಳುತ್ತಾರೆ. ಅಲ್ಲಿ ಯಾವ ಗೊಂದಲವೂ ಇರಲಿಲ್ಲ.

“ಟೈಮ್ ಆಯ್ತದ ಸಾ. ಇನ್ನೇನ್ ಬರೀತಾ ಕುಂತ್ರಿ?” ಎಂದು ಸಹಾಯಕ ಗಡಿಯಾರ ನೋಡಿದ.

ಆ ಸಾಲು ಅಳಿಸಿ, ‘ಪೊಲೀಸರು ಗ್ರಾಮದ ಹೆಸರು ತಿಳಿಸಿರಲಿಲ್ಲ. ಪತ್ರಿಕೆಯ ಕೊಳ್ಳೇಗಾಲ ವರದಿಗಾರರು ವಿಚಾರಿಸದೆ ಹೂಗ್ಯಂ ಎಂದು ಸೇರಿಸಿದ್ದರಿಂದ ತಪ್ಪಾಗಿದೆ. ಚಿತ್ರದಲ್ಲಿರುವ ಹೂಗ್ಯಂನ ಮಾದೇವ ಬಿನ್ ಪುಟ್ಟಮಾದ ಅವರಿಗೂ ಪ್ರಕರಣಕ್ಕೂ ಸಂಬಂಧವಿಲ್ಲ’ ಎಂದು ಬರೆದೆ. ಕಳಿಸಿದೆ. ಸಂಪರ್ಕ ಕಡಿದ ಎರಡು ನಿಮಿಷಕ್ಕೆ ಫೋನ್ ಬಂತು. ಸುದ್ದಿ ಸಂಪಾದಕರು ವಿಚಾರಿಸದೆ ಎಂಬ ಮಾತು ಬೇಕೇ ಎಂದು ಕೇಳಿದರು. ಬೇಕು ಎಂದೆ. ಹಾಕುತ್ತೇನೆ ಎಂದು ಇಟ್ಟರು. ನಾಲ್ಕೂ ನಲವತ್ತೆಂಟು.

ಬೆಳಿಗ್ಗೆಯೇ ಪತ್ರಿಕೆ ಹಿಡಿದು ಅರಣ್ಯ ಕಚೇರಿಗೆ ಹೋಗಬೇಕಾದ್ದರಿಂದ ಮಾದೇವ ಊರಿಗೆ ಹೋಗಲಿಲ್ಲ. ಸಹಾಯಕ ಅವರನ್ನು ಸತ್ತೇಗಾಲದ ತನ್ನ ಮನೆಗೆ ಕರೆದುಕೊಂಡು ಹೋದ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಬಿಚ್ಚುವ ಹೊತ್ತಿಗೆ ಇಬ್ಬರೂ ಅಲ್ಲಿದ್ದರು, ನಾನೂ ಹೋಗಿದ್ದೆ. ಫೋಟೊ ಚೆನ್ನಾಗಿ ಬಂದಿತ್ತು. ಮಾದೇವ ತಮ್ಮ ಮುಖವನ್ನು ನೋಡಿ, ಓದಿ ಎಂದರು. ಓದಿದೆ. ಇನ್ನೊಂದು ಸಲ ಎಂದರು. ಮತ್ತೆ ಓದಿದೆ.

“ನನ್ನೆಸ್ರು ಅದ, ನಮ್ಮಪ್ಪನ್ ಎಸ್ರು ಅದ, ಊರೂ ಅದ” ಎಂದರು. “ನಿಮ್ಮೆಸ್ರು ಎಲ್ಲದ ಸಾ?”

ವ್ಯಂಗ್ಯವಿರಲಿಲ್ಲ. ಅವರಿಗೆ ನಿಜಕ್ಕೂ ಅದು ತಿಳಿಯಬೇಕಿತ್ತು. ನಮ್ಮ ಪತ್ರಿಕೆಯಲ್ಲಿ ವರದಿಗಾರರ ಹೆಸರು ಹಾಕುವುದಿಲ್ಲ ಎಂದೆ. ಹೇಳುವಾಗಲೇ ಮಾತು ಸಣ್ಣದೆನಿಸಿತು. ಪೆನ್ನು ತೆಗೆದು, ತಿದ್ದುಪಡಿಯ ಪಕ್ಕದ ಖಾಲಿ ಜಾಗದಲ್ಲಿ ನನ್ನ ಹೆಸರು, ಕಚೇರಿಯ ಫೋನ್ ನಂಬರು ಬರೆದು ಸಹಿ ಹಾಕಿದೆ. ಅಧಿಕಾರಿ ಕೇಳಿದರೆ ಇಲ್ಲಿಗೆ ಫೋನ್ ಮಾಡಲಿ ಎಂದೆ. ಅವರು ಪತ್ರಿಕೆಯನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಬಸ್ಸು ಹತ್ತಿದರು.

ಅರಣ್ಯ ಕಚೇರಿಯಿಂದ ಫೋನ್ ಬರಲಿಲ್ಲ. ಮಾದೇವನವರಿಂದಲೂ ಸುದ್ದಿ ಇರಲಿಲ್ಲ. ಮೆಕ್ಯಾನಿಕ್ ಸಿ.ಡಿ. ತಂದು ಕಾರ್ಡುಗಳ ಅಂಕಿ ಬದಲಾಯಿಸಿಕೊಟ್ಟ. ನಾನು ನೋಟ್‌ಬುಕ್ಕಿನಿಂದ ಊರು ತೆಗೆದು ಸೇರಿಸುವುದನ್ನು ಬಿಟ್ಟೆ.

ಒಂದೂವರೆ ತಿಂಗಳ ನಂತರ ಹೂಗ್ಯಂ ಕಡೆಯ ಕಾಡಿಗೆ ಬೆಂಕಿ ಬಿದ್ದ ಸುದ್ದಿಗೆ ಬೈಕಿನಲ್ಲಿ ಹೋದೆ. ಕಾಡು ಶುರುವಾಗುವಲ್ಲಿ ಒಂದು ಬಿದಿರಿನ ಗೇಟು. ಬೇಸಿಗೆಯಲ್ಲಿ ಒಳಗೆ ಹೋಗುವವರೆಲ್ಲ ಅಲ್ಲಿ ಪುಸ್ತಕದಲ್ಲಿ ಬರೆದು ಹೋಗಬೇಕು. ಗೇಟಿನ ಬಳಿ ಖಾಕಿ ಅಂಗಿ ಹಾಕಿಕೊಂಡು, ಕೈಯಲ್ಲಿ ಬೆಂಕಿ ಬಡಿಯುವ ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತಿದ್ದವರು ಮಾದೇವ. ನನ್ನನ್ನು ನೋಡಿ ನಕ್ಕರು. ಗೇಟು ಎತ್ತಲಿಲ್ಲ. ಕೊಂಬೆಯನ್ನು ಗೇಟಿನ ಕಂಬಕ್ಕೆ ಒರಗಿಸಿ, ಪುಸ್ತಕ ಬಿಚ್ಚಿ, ಪೆನ್ನು ಕೊಟ್ಟರು.

ಹೆಸರು ಬರೆದು ಪೆನ್ನು ವಾಪಸು ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಓದಲು ಬಾರದ ಆ ಹಾಳೆಯ ಮೇಲೆ ಬೆರಳಿಟ್ಟು, ಒಂದೊಂದೇ ಖಾಲಿ ಕಾಲಂ ತೋರಿಸಿದರು.

“ಅಪ್ಪನ್ ಎಸ್ರೂ ಬರೀರಿ ಸಾ. ಊರೂ ಬರೀರಿ. ಆಮೇಕೆ ಓಗೋರಂತೆ.”